ಆರನ್ ದ್ವೀಪಕ್ಕೆ ಒಂದು ಸೈಕಲ್ ಸುತ್ತು: ಶನಿವಾರ ಹೋಗಿ ಭಾನುವಾರ ವಾಪಸ್

ದ್ವೀಪಕ್ಕೆ ಸೈಕಲ್ ಪ್ರವಾಸ ಹೊರಡುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಭಾನುವಾರ ವಾಪಸ್ ಬರುವ ಹಡಗಿನ ವೇಳೆ. ಎಷ್ಟು ಕಿಲೋಮೀಟರ್, ಎಷ್ಟು ಏರು, ರಾತ್ರಿ ಎಲ್ಲಿ ಮಲಗೋದು, ಇವೆಲ್ಲ ಆಮೇಲೆ. ಕೊನೆಯ ಹಡಗು ತಪ್ಪಿತು ಅಂದರೆ ಸೋಮವಾರದ ಕೆಲಸವೂ ತಪ್ಪಿತು. ಆ ಒಂದು ವೇಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಉಳಿದ ಯೋಜನೆ ಸುಲಭವಾಗಿ ಕೂಡಿಬರುತ್ತದೆ.

ಇದನ್ನು ಸ್ಕಾಟ್ಲೆಂಡಿನ ಆರನ್ ದ್ವೀಪ ಇಟ್ಟುಕೊಂಡು ಹಂತಹಂತವಾಗಿ ಹೇಳುತ್ತೇನೆ. ಗ್ಲಾಸ್ಗೋ, ಎಡಿನ್‌ಬರೋ ಕಡೆ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡದವರಿಗೆ ಇದು ಕೈಗೆಟುಕುವ ಜಾಗ. ಕಾರು ಬೇಡ. ಮನೆಯಿಂದ ಸ್ಟೇಷನ್‌ವರೆಗೆ ಸೈಕಲ್, ಅಲ್ಲಿಂದ ರೈಲು, ರೈಲಿಳಿದು ಹಡಗು. ದ್ವೀಪ ಸುಮಾರು 432 ಚದರ ಕಿಲೋಮೀಟರ್. ಕರಾವಳಿಯನ್ನೇ ಹಿಡಿದು ಹೋಗುವ ಎ841 ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಹತ್ತಿರ ಹತ್ತಿರ 90 ಕಿಲೋಮೀಟರ್. ಟೆಂಟು, ಹಾಸಿಗೆ, ಊಟ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಎರಡು ದಿನ ತಿರುಗುವ ಬೈಕ್‌ಪ್ಯಾಕಿಂಗ್‌ಗೆ ಹೇಳಿ ಮಾಡಿಸಿದ ಅಳತೆ. ದಾರಿ ತಪ್ಪುವ ಭಯ ಕಡಿಮೆ. ಸಮುದ್ರ ಸದಾ ಒಂದೇ ಪಕ್ಕದಲ್ಲಿರುತ್ತದೆ.

ಯಾವ ತಿಂಗಳು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ನನ್ನ ಆಯ್ಕೆ ಮೇ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಮಳೆ ಜಾಸ್ತಿ ನಿಜ, ಆದರೆ ವಸಂತದಲ್ಲಿ ಒಣ ದಿನಗಳು ಸಿಗುವ ಸಂಭವ ಹೆಚ್ಚು. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಜೂನ್ ಮಧ್ಯಕ್ಕೆ ಹತ್ತು ಗಂಟೆಗೆ ಸೂರ್ಯ ಮುಳುಗುತ್ತಾನೆ. ಬೆಳಕು ಉದ್ದ ಇದ್ದಷ್ಟೂ ಅವಸರ ಕಡಿಮೆ.

ಮೇ ಅನ್ನುವುದಕ್ಕೆ ಇನ್ನೊಂದು ಕಾರಣ ಮಿಜ್. ನಮ್ಮ ಕಡೆಯ ನುಸಿಯ ಜಾತಿಯ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ, ಕಚ್ಚುವ ಹುಳು. ಮೇ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗಾಳಿಯಿಲ್ಲದ ಸಂಜೆ ಟೆಂಟು ಹಾಕಲು ನಿಂತರೆ ಮುಖ, ಕಿವಿ, ಕೈ ಎಲ್ಲ ಮುತ್ತಿಕೊಳ್ಳುತ್ತವೆ. ಆ ತಿಂಗಳುಗಳಲ್ಲೇ ಹೋಗಬೇಕಾದರೆ ತಲೆಗೆ ಹಾಕುವ ಸಣ್ಣ ಬಲೆ ಮತ್ತು ಸ್ಮಿಡ್ಜ್ ಅನ್ನುವ ಲೇಪನ ಕಡ್ಡಾಯ ಇಟ್ಟುಕೊಳ್ಳಿ. ಎರಡೂ ಸ್ಕಾಟ್ಲೆಂಡಿನ ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತವೆ. ಸ್ವಲ್ಪ ಗಾಳಿ ಬೀಸಿದರೂ ಮಿಜ್ ಹಾರಲಾರದು. ಅದಕ್ಕೇ ಟೆಂಟನ್ನು ಮರಗಳ ಮರೆಯಲ್ಲಿ, ತಗ್ಗಿನಲ್ಲಿ ಹಾಕುವ ಬದಲು ಗಾಳಿಯಾಡುವ ಕಡಲಂಚಿನಲ್ಲಿ ಹಾಕಿ.

ಹಡಗು ಮತ್ತು ರೈಲು

ಆರನ್‌ಗೆ ಹಡಗು ಓಡಿಸುವುದು ಕ್ಯಾಲ್‌ಮ್ಯಾಕ್ ಕಂಪನಿ. ಬಹಳ ವರ್ಷದಿಂದ ಹಡಗು ಹೊರಡುತ್ತಿದ್ದದ್ದು ಆರ್ಡ್ರಾಸನ್‌ನಿಂದ. ಅಲ್ಲಿಂದ ದ್ವೀಪದ ಪೂರ್ವ ತೀರದ ಬಂದರು ಬ್ರಾಡಿಕ್‌ಗೆ ಒಂದು ಗಂಟೆಯೊಳಗಿನ ಪಯಣ. ಆದರೆ 2025ರ ಜನವರಿಯಲ್ಲಿ ಸೇವೆಗೆ ಬಂದ ಗ್ಲೆನ್ ಸ್ಯಾನಕ್ಸ್ ಅನ್ನುವ ಹೊಸ ದೊಡ್ಡ ಹಡಗಿಗೆ ಆರ್ಡ್ರಾಸನ್ ಬಂದರು ಹೊಂದದ ಕಾರಣ ಅದು ಟ್ರೂನ್‌ನಿಂದ ಹೊರಡುತ್ತದೆ. ಆ ದಾರಿ ಇನ್ನೂ ಸ್ವಲ್ಪ ಉದ್ದ. ಹಾಗಾಗಿ ಟಿಕೆಟ್ ತೆಗೆಯುವಾಗ ಯಾವ ಬಂದರು ಅಂತ ಎರಡೆರಡು ಸಲ ನೋಡಿ. ಹೋಗುವುದು ಒಂದು ಬಂದರಿನಿಂದ, ಬರುವುದು ಇನ್ನೊಂದಕ್ಕೆ ಆದರೂ ಸೈಕಲ್ಲಿನವರಿಗೆ ಏನೂ ತೊಂದರೆಯಿಲ್ಲ. ಎರಡೂ ಊರಿಗೆ ಗ್ಲಾಸ್ಗೋ ಸೆಂಟ್ರಲ್‌ನಿಂದ ನೇರ ರೈಲಿದೆ, ಎರಡಕ್ಕೂ ಒಂದು ಗಂಟೆ ಸಾಕು. ಆರ್ಡ್ರಾಸನ್ ಹಾರ್ಬರ್ ಸ್ಟೇಷನ್ ಹಡಗುಕಟ್ಟೆಯ ಪಕ್ಕದಲ್ಲೇ ಇದೆ. ಟ್ರೂನ್‌ನಲ್ಲಿ ಸ್ಟೇಷನ್‌ನಿಂದ ಬಂದರಿಗೆ ಸ್ವಲ್ಪ ದೂರ ತುಳಿಯಬೇಕು, ಅಷ್ಟೇ.

ರೈಲಿನಲ್ಲೂ ಹಡಗಿನಲ್ಲೂ ಸೈಕಲ್ಲಿಗೆ ಹಣವಿಲ್ಲ. ಹಡಗಿಗೆ ನಡೆದು ಹತ್ತುವ ಪ್ರಯಾಣಿಕರ ಟಿಕೆಟ್ ತೆಗೆದರೆ ಸಾಕು. ವಾರಾಂತ್ಯದಲ್ಲಿ ಕಾರಿಗೆ ಜಾಗ ಸಿಗದೆ ಜನ ಪರದಾಡುವಾಗ ಸೈಕಲ್ಲಿನವರು ನಿರಾಳ. ರೈಲಿನಲ್ಲಿ ಮಾತ್ರ ಸೈಕಲ್ ನಿಲ್ಲಿಸುವ ಜಾಗ ಕಡಿಮೆ. ಬಿಸಿಲಿನ ಶನಿವಾರ ನಾಲ್ಕೈದು ಜನರ ಗುಂಪು ಒಂದೇ ರೈಲಿಗೆ ಬಂದರೆ ಕಷ್ಟ. ಒಂದು ರೈಲು ಮುಂಚಿತವಾಗಿ ಹೊರಡಿ.

ಹಡಗುಕಟ್ಟೆಯಲ್ಲಿ ಸಿಬ್ಬಂದಿ ಎಲ್ಲಿ ನಿಲ್ಲಲು ಹೇಳುತ್ತಾರೋ ಅಲ್ಲಿ ನಿಲ್ಲಿ. ಸೈಕಲ್ ಒಳಗೆ ಹೋಗುವುದು ಸಾಮಾನ್ಯವಾಗಿ ಕಾರುಗಳ ಡೆಕ್ಕಿನಿಂದ. ಕಬ್ಬಿಣದ ನೆಲ ಒದ್ದೆಯಿದ್ದರೆ ಜಾರುತ್ತದೆ, ಇಳಿದು ತಳ್ಳಿಕೊಂಡು ಹೋಗಿ. ಪಕ್ಕದ ಗೋಡೆಗೆ ಹಗ್ಗದಿಂದ ಕಟ್ಟಬೇಕು. ನಿಮ್ಮದೇ ಒಂದು ಪಟ್ಟಿ ಇದ್ದರೆ ಒಳ್ಳೆಯದು. ಪರ್ಸು, ಫೋನು, ಜಾಕೆಟ್ ಇರುವ ಚಿಕ್ಕ ಬ್ಯಾಗನ್ನು ಬಿಚ್ಚಿ ಮೇಲಕ್ಕೆ ತೆಗೆದುಕೊಂಡು ಹೋಗಿ. ಹಡಗು ಹೊರಟ ಮೇಲೆ ಕಾರು ಡೆಕ್ಕಿಗೆ ಇಳಿಯಲು ಬಿಡುವುದಿಲ್ಲ.

ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ಇದು ಅಪರೂಪವೇನಲ್ಲ. ಕ್ಯಾಲ್‌ಮ್ಯಾಕ್‌ನ ಸೇವಾ ಸ್ಥಿತಿಯ ಪುಟವನ್ನು ಶುಕ್ರವಾರ ರಾತ್ರಿ ಒಮ್ಮೆ, ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ನೋಡಿ. ವಾಪಸ್ ಬರಲು ದಿನದ ಕೊನೆಯ ಹಡಗನ್ನು ನೆಚ್ಚಿಕೊಳ್ಳಬೇಡಿ. ಅದಕ್ಕಿಂತ ಹಿಂದಿನದನ್ನು ಇಟ್ಟುಕೊಳ್ಳಿ. ಕೊನೆಯದು ಪಂಚರ್‌ಗೆ, ಎದುರುಗಾಳಿಗೆ, ಹೊಟ್ಟೆನೋವಿಗೆ ಮೀಸಲಾಗಿರಲಿ.

ಸೈಕಲ್ ಮತ್ತು ಬ್ಯಾಗು

ಹೊಸ ಸೈಕಲ್ ಕೊಳ್ಳಬೇಕಿಲ್ಲ. ದಾರಿ ಪೂರ್ತಿ ಟಾರು. ಆದರೆ ದ್ವೀಪದ ರಸ್ತೆಗಳಲ್ಲಿ, ಅದರಲ್ಲೂ ದಕ್ಷಿಣ ಮತ್ತು ಪಶ್ಚಿಮದಲ್ಲಿ ಗುಂಡಿಗಳಿವೆ. 32 ರಿಂದ 40 ಮಿಲಿಮೀಟರ್ ಅಗಲದ ಟೈರು ಇದ್ದರೆ ಕೈಗೂ ಸೊಂಟಕ್ಕೂ ಹಿತ. ಟೈರಿಗಿಂತ ಮುಖ್ಯವಾದ್ದು ಗೇರು. ಹೊರೆ ಹೊತ್ತ ಸೈಕಲ್ ಏರಿನಲ್ಲಿ ಬೇರೆಯದೇ ಸೈಕಲ್ಲಾಗುತ್ತದೆ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಸಮನಾದ ಅಥವಾ ಅದಕ್ಕಿಂತ ದೊಡ್ಡ ಚಕ್ರ ಹಿಂದೆ ಇದ್ದರೆ ಇಲ್ಲಿನ ಎಲ್ಲ ಏರನ್ನೂ ಕೂತೇ ಹತ್ತಬಹುದು. ಹೊರಡುವ ಮೊದಲು ಬ್ರೇಕ್ ಪ್ಯಾಡ್ ನೋಡಿ. ಇಳಿಜಾರಿನಲ್ಲಿ ಹೊರೆಯ ಭಾರ ಗೊತ್ತಾಗುತ್ತದೆ.

ಬ್ಯಾಗು ಮೂರು ಸಾಕು: ಹ್ಯಾಂಡಲ್‌ಗೆ ಒಂದು ಸುರುಳಿ, ಫ್ರೇಮಿನ ತ್ರಿಕೋನಕ್ಕೆ ಒಂದು, ಸೀಟಿನ ಹಿಂದೆ ಒಂದು. ಹಿಂದೆ ಕ್ಯಾರಿಯರ್ ಇದ್ದರೆ ಜೋಡಿ ಪ್ಯಾನಿಯರ್ ಚೀಲವೂ ಆಗುತ್ತದೆ. ಭಾರದ ಸಾಮಾನು, ಅಂದರೆ ಊಟ, ನೀರು, ಟೂಲು, ಫ್ರೇಮಿನ ನಡುವೆ ಕೆಳಗಿರಲಿ. ಟೆಂಟು ಮತ್ತು ಮಲಗುವ ಚಾಪೆ ಹ್ಯಾಂಡಲ್ ಮೇಲೆ. ಬಟ್ಟೆ ಸೀಟಿನ ಹಿಂದೆ. ಸ್ಲೀಪಿಂಗ್ ಬ್ಯಾಗನ್ನು ಮಾತ್ರ ಬೇರೆ ಜಲನಿರೋಧಕ ಚೀಲದಲ್ಲಿ ಗಂಟು ಹಾಕಿಯೇ ಒಳಗಿಡಿ. ಉಳಿದದ್ದೆಲ್ಲ ನೆನೆದರೂ ರಾತ್ರಿ ಕಳೆಯಬಹುದು, ಅದು ನೆನೆದರೆ ಆಗದು. ಮೇ ತಿಂಗಳ ರಾತ್ರಿ 5 ಡಿಗ್ರಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ‘ಕಂಫರ್ಟ್’ ಉಷ್ಣತೆ ನೋಡಿ ಕೊಳ್ಳಿ, ‘ಲಿಮಿಟ್’ ನೋಡಿ ಅಲ್ಲ.

ಎಲ್ಲ ಕಟ್ಟಿದ ಮೇಲೆ ಸೈಕಲ್ಲನ್ನು ಅಲುಗಾಡಿಸಿ ನೋಡಿ. ಪಟ್ಟಿ ಟೈರಿಗೆ ತಾಗುತ್ತದಾ? ಹ್ಯಾಂಡಲ್ ಪೂರ್ತಿ ತಿರುಗುತ್ತದಾ? ನಂತರ ಊರಲ್ಲೇ ಹತ್ತು ಹದಿನೈದು ಕಿಲೋಮೀಟರ್ ಹೊಡೆದು ಬನ್ನಿ. ಇದನ್ನು ಯಾರೂ ಬಿಡಬಾರದು. ಹೊರೆ ಜಾಸ್ತಿಯಾಗಿದೆ ಅಂತ ಮನೆ ಹತ್ತಿರ ಗೊತ್ತಾದರೆ ಎರಡು ಸಾಮಾನು ತೆಗೆದಿಡಬಹುದು.

ಟೂಲಿನ ಪುಟ್ಟ ಪೊಟ್ಟಣದಲ್ಲಿ ಎರಡು ಟ್ಯೂಬು, ಪಂಪು, ಪ್ಯಾಚು, ಮಲ್ಟಿಟೂಲ್, ಚೈನಿನ ಕೊಂಡಿ, ನಾಲ್ಕು ಜಿಪ್ ಟೈ ಇರಲಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಗೇರ್ ಹ್ಯಾಂಗರ್, ನಿಮ್ಮ ಸೈಕಲ್ಲಿನದೇ ಒಂದು ಇದ್ದರೆ ಇನ್ನೂ ಒಳ್ಳೆಯದು. ಅದು ಮುರಿದರೆ ಬೇರೆ ಸೈಕಲ್ಲಿನದು ಹೊಂದುವುದಿಲ್ಲ. ಬ್ರಾಡಿಕ್ ಬಿಟ್ಟರೆ ಸಹಾಯ ದೂರ.

ಭಾರತದಿಂದ ಬಂದವರಿಗೆ ಒಂದು ಮಾತು: ಅಡುಗೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ. ತಿರುಪಿನ ಡಬ್ಬಿ ಗ್ಲಾಸ್ಗೋದ ಕ್ಯಾಂಪಿಂಗ್ ಅಂಗಡಿಗಳಲ್ಲಿ ಸಿಗುತ್ತದೆ.

ಊಟ

ನಮ್ಮ ಅಡುಗೆಮನೆ ಇಂಥ ಪ್ರವಾಸಕ್ಕೆ ಎಷ್ಟು ಒಗ್ಗುತ್ತದೆ ಅನ್ನುವುದನ್ನು ಒತ್ತಿ ಹೇಳಬೇಕು. ಕ್ಯಾಂಪಿಂಗ್ ಅಂಗಡಿಯ ಒಣ ಊಟದ ಪೊಟ್ಟಣಗಳು ದುಬಾರಿ, ರುಚಿಯೂ ಅಷ್ಟಕ್ಕಷ್ಟೇ. ಗೊಜ್ಜವಲಕ್ಕಿಯ ಪುಡಿಯನ್ನು ಮನೆಯಲ್ಲೇ ಕಲಸಿ ಡಬ್ಬಿಗೆ ತುಂಬಿಕೊಳ್ಳಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಊಟ. ಹುರಿದ ರವೆಗೆ ಒಗ್ಗರಣೆ ಕೂಡಿಸಿಟ್ಟುಕೊಂಡರೆ ಬೆಳಗಿನ ಉಪ್ಪಿಟ್ಟು ಆಯಿತು. ದಾರಿಯಲ್ಲಿ ತಿನ್ನಲು ಶೇಂಗಾ ಚಿಕ್ಕಿ, ಖರ್ಜೂರ, ಬಾಳೆಹಣ್ಣು. ಹಸಿವಾಗುವ ತನಕ ಕಾಯಬೇಡಿ. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ.

ಬ್ರಾಡಿಕ್ ಮತ್ತು ಲ್ಯಾಮ್‌ಲ್ಯಾಶ್‌ನಲ್ಲಿ ಕೋ-ಆಪ್ ಅಂಗಡಿ ಇದೆ. ಪಶ್ಚಿಮ ತೀರದ ಬ್ಲ್ಯಾಕ್‌ವಾಟರ್‌ಫುಟ್ ದಾಟಿದ ಮೇಲೆ ಅಂಗಡಿಗಳು ಕಡಿಮೆ. ಪಿರ್ನ್‌ಮಿಲ್‌ನಲ್ಲಿ ಹಳ್ಳಿಯ ಅಂಗಡಿಯೊಂದಿದೆ, ಆದರೆ ಸಂಜೆ ತೆರೆದಿರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ರಾತ್ರಿಯ ಊಟ, ಮರುಬೆಳಗಿನ ತಿಂಡಿ ಎರಡೂ ಮಧ್ಯಾಹ್ನದೊಳಗೆ ಬ್ಯಾಗಿನಲ್ಲಿರಬೇಕು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲ್ಗಡೆ ಕುರಿ, ಜಿಂಕೆ ಇರುತ್ತವೆ. ಸೋಸಿ ಅಥವಾ ಕುದಿಸಿ ಕುಡಿಯಿರಿ. ಕೆಫೆಯಲ್ಲಿ ಟೀ ಕುಡಿದಾಗ ಬಾಟಲಿ ತುಂಬಿಸಿಕೊಡಿ ಅಂತ ಕೇಳಿದರೆ ಬೇಡ ಅನ್ನುವವರು ಸಿಗುವುದು ಕಷ್ಟ.

ಯಾವ ದಿಕ್ಕಿಗೆ ಸುತ್ತಬೇಕು

ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಅಂದರೆ ಬ್ರಾಡಿಕ್‌ನಲ್ಲಿ ಹಡಗಿಳಿದು ಎಡಕ್ಕೆ, ದಕ್ಷಿಣಕ್ಕೆ ತಿರುಗಿ. ಬಹಳ ಜನ ಇದಕ್ಕೆ ಉಲ್ಟಾ ಹೋಗುತ್ತಾರೆ, ಯಾಕಂದರೆ ಉತ್ತರದ ಮೊದಲ ಕೆಲವು ಮೈಲು ಸಪಾಟು. ಆದರೆ ನನ್ನ ಲೆಕ್ಕ ಗಾಳಿಯದ್ದು. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ದಕ್ಷಿಣದ ಏರಿಳಿತವನ್ನು ಮೈಯಲ್ಲಿ ಕಸುವಿರುವಾಗಲೇ ಮುಗಿಸಿ ಪಶ್ಚಿಮ ತೀರಕ್ಕೆ ತಿರುಗಿದರೆ, ಅಲ್ಲಿಂದ ಉತ್ತರಕ್ಕೆ ಗಾಳಿ ಬೆನ್ನಿಗೆ ಬರುತ್ತದೆ. ಬ್ರಿಟನ್ನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರ, ಆದ್ದರಿಂದ ಈ ದಿಕ್ಕಿನಲ್ಲಿ ಸಮುದ್ರ ನಿಮ್ಮ ಪಕ್ಕದಲ್ಲೇ ಇರುತ್ತದೆ. ಮುನ್ಸೂಚನೆಯಲ್ಲಿ ಉತ್ತರದ ಗಾಳಿ ಅಂತ ಇದ್ದರೆ ಮಾತ್ರ ದಿಕ್ಕು ಬದಲಿಸಿ.

ಶನಿವಾರ: ಬ್ರಾಡಿಕ್‌ನಿಂದ ಲಾಕ್‌ರಾಂಜಾ

ಬೆಳಗಿನ ಮೊದಲ ಹಡಗುಗಳಲ್ಲೊಂದು ಹಿಡಿದರೆ ದ್ವೀಪದ ಉತ್ತರ ತುದಿಯ ಲಾಕ್‌ರಾಂಜಾವರೆಗೆ ಸುಮಾರು 65 ಕಿಲೋಮೀಟರಿನ ಈ ದಿನ ಆರಾಮ. ಬ್ರಾಡಿಕ್ ಬಿಡುತ್ತಿದ್ದಂತೆ ಏರು ಶುರು. ಕಡಿಮೆ ಗೇರಿಗೆ ಹಾಕಿ ಮಾತಾಡಿಕೊಂಡು ಹತ್ತುವ ವೇಗದಲ್ಲಿ ಹೋಗಿ. ಮೇಲೆ ತಲುಪಿ ಇಳಿಯುವಾಗ ಲ್ಯಾಮ್‌ಲ್ಯಾಶ್ ಕೊಲ್ಲಿಯೂ ಅದರ ಬಾಯಿಗೆ ಅಡ್ಡ ನಿಂತ ಹೋಲಿ ಐಲ್ ದ್ವೀಪವೂ ಒಟ್ಟಿಗೇ ತೆರೆದುಕೊಳ್ಳುತ್ತವೆ. ಆ ಪುಟ್ಟ ದ್ವೀಪ 1992ರಿಂದ ಟಿಬೆಟನ್ ಬೌದ್ಧರ ಕೈಯಲ್ಲಿದೆ. ಕೊಲ್ಲಿಯ ಉತ್ತರ ಭಾಗದಲ್ಲಿ 2008ರಿಂದ ಮೀನು, ಚಿಪ್ಪು ಯಾವುದನ್ನೂ ಹಿಡಿಯುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಇಂಥ ನಿಷೇಧ ಬಂದದ್ದು ಅದೇ ಮೊದಲು, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ದ್ವೀಪದ ಜನರೇ. ಊರವರು ತಮ್ಮ ಸಮುದ್ರವನ್ನು ತಾವೇ ಕಾಯ್ದುಕೊಂಡ ಜಾಗ ಇದು. ಹತ್ತು ನಿಮಿಷ ದಡದಲ್ಲಿ ನಿಂತು ಮುಂದೆ ಹೋಗಿ.

ವೈಟಿಂಗ್ ಬೇ ದಾಟಿದ ಮೇಲೆ ಮತ್ತೆ ಏರು. ಕಿಲ್ಡೋನನ್‌ಗೆ ಎಡಕ್ಕೆ ಕಡಲಿನತ್ತ ಇಳಿಯುವ ಚಿಕ್ಕ ರಸ್ತೆ ಇದೆ. ಇಳಿದರೆ ಮತ್ತೆ ಕಡಿದಾಗಿ ಹತ್ತಬೇಕು, ಆದರೂ ಇಳಿಯಿರಿ ಅನ್ನುತ್ತೇನೆ. ಬಂಡೆಗಳ ಮೇಲೆ ಸೀಲ್‌ಗಳು ಮೈ ಕಾಯಿಸಿಕೊಳ್ಳುತ್ತಾ ಬಿದ್ದಿರುತ್ತವೆ. ಎದುರಿಗೆ ಪ್ಲಾಡಾ ದ್ವೀಪದ ದೀಪಸ್ತಂಭ, ಅದರಾಚೆ ಐಲ್ಸಾ ಕ್ರೇಗ್ ಅನ್ನುವ ಬಂಡೆದ್ವೀಪ. ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಜಾರಿಸುವ ಕರ್ಲಿಂಗ್ ಕಲ್ಲುಗಳ ಗ್ರಾನೈಟ್ ಆ ಬಂಡೆಯದು. ಮಧ್ಯಾಹ್ನದ ಹಡಗಿನಲ್ಲಿ ಬಂದವರು ಇಲ್ಲೇ ದಡದ ಕ್ಯಾಂಪ್‌ಸೈಟಿನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಬೇಗ ಎದ್ದು ಉಳಿದ ಸುಮಾರು 70 ಕಿಲೋಮೀಟರ್ ಮುಗಿಸಬಹುದು.

ಕಿಲ್ಡೋನನ್‌ನಿಂದ ಬ್ಲ್ಯಾಕ್‌ವಾಟರ್‌ಫುಟ್‌ವರೆಗಿನದು ಸುತ್ತಿನ ಕಷ್ಟದ ಭಾಗ. ತೊರೆಗೊಂದು ಇಳಿಜಾರು, ಅದರ ಬೆನ್ನಿಗೇ ಒಂದು ಏರು. ಲ್ಯಾಗ್‌ನ ಹತ್ತಿರದ ತಿರುವುಗಳಲ್ಲಿ ಬ್ರೇಕ್ ಮೇಲೆ ಬೆರಳಿರಲಿ. ಇಲ್ಲಿ ವೇಗದ ಆಸೆ ಬೇಡ.

ಬ್ಲ್ಯಾಕ್‌ವಾಟರ್‌ಫುಟ್‌ನಲ್ಲಿ ಊಟ ಮಾಡಿ, ಬಾಟಲಿ ತುಂಬಿಸಿ. ಸುಸ್ತು ಜಾಸ್ತಿಯಾಗಿದ್ದರೆ ಅಥವಾ ಹವೆ ಕೆಟ್ಟರೆ ಇಲ್ಲಿಂದ ದ್ವೀಪದ ನಡುವೆ ಹಾಯ್ದು ಬ್ರಾಡಿಕ್‌ಗೆ ಹೋಗುವ ಸ್ಟ್ರಿಂಗ್ ರೋಡ್ ಇದೆ. ಎಂಜಿನಿಯರ್ ಥಾಮಸ್ ಟೆಲ್ಫರ್ಡ್ 1817ರಲ್ಲಿ ಹಾಕಿಸಿದ ರಸ್ತೆ. 230 ಮೀಟರ್ ಎತ್ತರಕ್ಕೆ ಹತ್ತಬೇಕು, ಆದರೆ ದೂರ ಬಹಳ ಉಳಿಯುತ್ತದೆ. ಇಂಥ ಅಡ್ಡದಾರಿ ಇರುವುದರಿಂದಲೇ ಮೊದಲ ಸಲದವರಿಗೂ ಆರನ್ ಧೈರ್ಯವಾಗಿ ಹೇಳಬಹುದು.

ಮುಂದೆ ಹೋಗುವವರು ಮಾಖ್ರಿ ಮೂರ್ ಬಿಡಬೇಡಿ. ರಸ್ತೆ ಪಕ್ಕದಲ್ಲಿ ಗೇಟಿದೆ, ಸೈಕಲ್ ಬೀಗ ಹಾಕಿ ಒಳಗೆ ಎರಡು ಕಿಲೋಮೀಟರ್ ನಡೆಯಿರಿ. ನಾಲ್ಕು ಸಾವಿರ ವರ್ಷ ಹಿಂದಿನ ಕಲ್ಲಿನ ವೃತ್ತಗಳು ಬಯಲಿನಲ್ಲಿ ನಿಂತಿವೆ. ಕೆಂಪು ಮರಳುಗಲ್ಲಿನ ಎತ್ತರದ ಕಂಬ ಐದು ಮೀಟರಿಗೂ ಮಿಗಿಲು. ಹಿಂದೆ ಬೆಟ್ಟಗಳ ಸಾಲು. ದ್ವೀಪದಲ್ಲಿ ಒಂದೇ ಕಡೆ ನಿಲ್ಲುವಷ್ಟು ಸಮಯವಿದ್ದರೆ ಇಲ್ಲಿ ನಿಲ್ಲಿ.

ಅಲ್ಲಿಂದ ಲಾಕ್‌ರಾಂಜಾವರೆಗೆ ಬಹುಪಾಲು ನೀರಿನ ಮಟ್ಟದಲ್ಲೇ ಹೋಗುವ ರಸ್ತೆ. ಎಡಕ್ಕೆ ಸಮುದ್ರ, ಆಚೆ ದಡದಲ್ಲಿ ಕಿಂಟೈರ್ ಪರ್ಯಾಯ ದ್ವೀಪ. ವಾಹನ ಅಪರೂಪ. ಹಿಂದಿನಿಂದ ಕಾರು ಬಂದರೆ ಅಗಲವಾದ ಜಾಗ ನೋಡಿ ಪಕ್ಕಕ್ಕೆ ನಿಂತು ಬಿಟ್ಟುಕೊಡಿ, ಅವರು ಕೈ ಎತ್ತುತ್ತಾರೆ, ನೀವೂ ಎತ್ತಿ. ಈ ತೀರದಲ್ಲಿ ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಕ್ಯಾಟಕಾಲ್‌ನಲ್ಲಿ ಸಾಲಾಗಿ ಹನ್ನೆರಡು ಬಿಳಿ ಮನೆಗಳಿವೆ. ಜಿಂಕೆ ಬೇಟೆಯ ಕಾಡಿಗಾಗಿ ಎಬ್ಬಿಸಿದ ರೈತರಿಗೆಂದು 1860ರ ದಶಕದಲ್ಲಿ ಕಟ್ಟಿಸಿದವು. ಪ್ರತಿ ಮನೆಯ ಮಹಡಿ ಕಿಟಕಿಯ ಆಕಾರ ಬೇರೆ ಬೇರೆ. ಸಮುದ್ರದಿಂದಲೇ ತನ್ನ ಮನೆಯ ದೀಪ ಯಾವುದೆಂದು ಮೀನುಗಾರನಿಗೆ ತಿಳಿಯಲಿ ಅಂತ ಹಾಗೆ ಮಾಡಿದ್ದು ಎನ್ನುತ್ತಾರೆ.

ರಾತ್ರಿ ಎಲ್ಲಿ

ಲಾಕ್‌ರಾಂಜಾದಲ್ಲಿ ಕ್ಯಾಂಪ್‌ಸೈಟ್ ಇದೆ, ಹಾಸ್ಟೆಲ್ ಇದೆ. ಮೊದಲ ಸಲದವರು ಕ್ಯಾಂಪ್‌ಸೈಟ್ ಕಾಯ್ದಿರಿಸಿ. ಬಿಸಿನೀರಿನ ಸ್ನಾನ, ಬಟ್ಟೆ ಒಣಗಿಸಲು ಜಾಗ, ಇವು ಮರುದಿನದ ಹುಮ್ಮಸ್ಸನ್ನೇ ಬದಲಿಸುತ್ತವೆ. ಸಂಜೆ ಕೆಂಪು ಜಿಂಕೆಗಳು ಊರೊಳಗೇ ಮೇಯುತ್ತಾ ಬರುತ್ತವೆ. ತಿನ್ನುವ ಸಾಮಾನನ್ನು ಟೆಂಟಿನ ಹೊರಗೆ ಬಿಡಬೇಡಿ, ಜಿಂಕೆಗೆ ಏನನ್ನೂ ಕೊಡಲೂಬೇಡಿ.

ಬಯಲಲ್ಲೇ ಮಲಗಬೇಕು ಅನ್ನುವ ಆಸೆಯಿದ್ದರೆ ಸ್ಕಾಟ್ಲೆಂಡಿನಲ್ಲಿ ಅದು ಹಕ್ಕು. 2003ರ ಭೂ ಸುಧಾರಣಾ ಕಾಯಿದೆ ಅದನ್ನು ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಹೀಗೆ ಎಲ್ಲೆಂದರಲ್ಲಿ ಟೆಂಟು ಹಾಕುವಂತಿಲ್ಲ. ಹಕ್ಕಿನ ಜೊತೆ ಹೊಣೆಯೂ ಬಂದಿದೆ: ಚಿಕ್ಕ ಗುಂಪು, ಒಂದೇ ಜಾಗದಲ್ಲಿ ಹೆಚ್ಚೆಂದರೆ ಎರಡು ಮೂರು ರಾತ್ರಿ, ಬೇಲಿ ಹಾಕಿದ ಹೊಲದಲ್ಲಿ ಬೆಳೆ ಅಥವಾ ದನಕರು ಇದ್ದರೆ ಒಳಗೆ ಹೋಗಬಾರದು, ಮನೆ, ರಸ್ತೆ, ಹಳೆಯ ಕಲ್ಲುಗಳಿಂದ ದೂರ ಇರಬೇಕು. ಮಲವಿಸರ್ಜನೆ ನೀರಿನಿಂದ 30 ಮೀಟರಾದರೂ ಆಚೆ, ಗುಂಡಿ ತೋಡಿ ಮುಚ್ಚಬೇಕು. ಕಸ ಪೂರ್ತಿ ನಿಮ್ಮ ಜೊತೆ ವಾಪಸ್.

ಬೆಂಕಿ ಹಾಕಲೇಬೇಡಿ. 2025ರ ವಸಂತದಲ್ಲಿ ಬ್ರಾಡಿಕ್ ಹತ್ತಿರದ ಗ್ಲೆನ್ ರೋಸಾ ಕಣಿವೆಗೆ ಬೆಂಕಿ ಬಿದ್ದು, ಕಾಡು ಮತ್ತೆ ಬೆಳೆಯಲಿ ಅಂತ ನೆಟ್ಟ ಸಾವಿರಾರು ಗಿಡಗಳು ಸುಟ್ಟುಹೋದವು. ವಸಂತದಲ್ಲಿ ಹಿಂದಿನ ವರ್ಷದ ಹುಲ್ಲು ಒಣಗಿ ನಿಂತಿರುತ್ತದೆ, ಕೆಳಗಿನ ನೆಲವೂ ಹೊತ್ತಿಕೊಳ್ಳುವ ಪೀಟ್, ಅಂದರೆ ಅರೆಕೊಳೆತ ಗಿಡಗಳ ಮಣ್ಣು. ಅಡುಗೆಗೆ ಗ್ಯಾಸ್ ಒಲೆ ಸಾಕು, ಅದನ್ನೂ ಕಲ್ಲಿನ ಮೇಲೆ ಇಟ್ಟು ಹಚ್ಚಿ.

ಮಲಗುವ ಮೊದಲು ಮೈಯೆಲ್ಲ ನೋಡಿಕೊಳ್ಳಿ. ಜಿಂಕೆ ಓಡಾಡುವ ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಲೆನಾಡಿನವರಿಗೆ ಹೊಸತಲ್ಲ, ಆದರೆ ಇಲ್ಲಿನದು ಲೈಮ್ ರೋಗ ಹರಡಬಲ್ಲದು. ಮೊಣಕಾಲ ಹಿಂಭಾಗ, ತೊಡೆಸಂದಿ, ಕಂಕುಳು ಮುಖ್ಯ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ.

ಭಾನುವಾರ: ಕಡಿಮೆ ದೂರ, ಒಂದೇ ಏರು

ಉಳಿದದ್ದು ಸುಮಾರು 23 ಕಿಲೋಮೀಟರ್. ಬೆಳಿಗ್ಗೆ ಲಾಕ್‌ರಾಂಜಾ ಕೋಟೆಯ ಅವಶೇಷ ನೋಡಿ. ಭೂವಿಜ್ಞಾನದಲ್ಲಿ ಆಸಕ್ತಿಯಿದ್ದರೆ ಊರಿನ ಉತ್ತರದ ತೀರದಲ್ಲಿ ಸ್ವಲ್ಪ ನಡೆದು ಹಟ್ಟನ್‌ನ ಶಿಲಾಸಂಧಿಗೆ ಹೋಗಿ. 1787ರಲ್ಲಿ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟ್ಟನ್ ಇಲ್ಲಿಗೆ ಬಂದಿದ್ದ. ಓರೆಯಾಗಿ ನಿಂತ ಹಳೆಯ ಬಂಡೆಯ ಮೇಲೆ ಬೇರೆ ಕೋನದಲ್ಲಿ ಹೊಸ ಪದರ ಕೂತಿರುವುದನ್ನು ಇಲ್ಲಿ ಕಂಡ. ಭೂಮಿಯ ವಯಸ್ಸು ಜನ ಎಣಿಸಿದ್ದಕ್ಕಿಂತ ಬಹಳ ಜಾಸ್ತಿ ಅನ್ನುವ ಅವನ ವಾದಕ್ಕೆ ಇಂಥ ಬಂಡೆಗಳೇ ಆಧಾರ.

ಲಾಕ್‌ರಾಂಜಾ ಬಿಟ್ಟ ತಕ್ಷಣ ಬೊಗಿಲಿ ಏರು, ಸುಮಾರು 200 ಮೀಟರ್. ಉದ್ದ ಇದೆ, ಕಡಿದಿಲ್ಲ. ಒಂದೇ ಲಯದಲ್ಲಿ ತುಳಿಯಿರಿ, ಮೇಲೆ ಗಾಳಿ ಜಾಕೆಟ್ ಹಾಕಿಕೊಂಡು ಇಳಿಯಿರಿ. ಸ್ಯಾನಕ್ಸ್‌ನಿಂದ ಕಾರ್ರಿ ಮೂಲಕ ಬ್ರಾಡಿಕ್‌ವರೆಗೆ ಕಡಲ ಪಕ್ಕದ ಸಪಾಟು ರಸ್ತೆ, ಬಲಕ್ಕೆ 874 ಮೀಟರಿನ ಗೋಟ್‌ಫೆಲ್. ಅದನ್ನು ಹತ್ತುವ ಆಸೆ ಆಗುತ್ತದೆ. ಅರ್ಧ ದಿನಕ್ಕಿಂತ ಹೆಚ್ಚು ಬೇಕು, ಸೈಕಲ್ ಬೂಟಿನಲ್ಲಿ ಆಗದು. ಅದಕ್ಕೆ ಬೇರೆ ವಾರಾಂತ್ಯ ಇಟ್ಟುಕೊಳ್ಳಿ. ಹಡಗಿಗೆ ಒಂದು ಗಂಟೆ ಮೊದಲು ಬ್ರಾಡಿಕ್‌ನಲ್ಲಿ ಇರುವಂತೆ ನೋಡಿಕೊಳ್ಳಿ.

ಸೋಮವಾರವೂ ರಜೆ ಇದ್ದವರಿಗೆ ಇನ್ನೊಂದು ದಾರಿಯಿದೆ. ಬೇಸಿಗೆಯಲ್ಲಿ ಲಾಕ್‌ರಾಂಜಾದಿಂದಲೇ ಕಿಂಟೈರ್‌ನ ಕ್ಲೂನೇಗ್‌ಗೆ ಅರ್ಧ ಗಂಟೆಯ ಹಡಗಿದೆ. ಅಲ್ಲಿಂದ ಟಾರ್ಬರ್ಟ್, ಪೋರ್ಟವ್ಯಾಡಿ, ಬ್ಯೂಟ್ ದ್ವೀಪ ಹಾಯ್ದು ವೀಮಿಸ್ ಬೇ ಮುಟ್ಟಿದರೆ ಒಟ್ಟು ಐದು ಹಡಗು ಹತ್ತಿಳಿದಂತಾಗುತ್ತದೆ. ಸೈಕಲ್ಲಿನವರಲ್ಲಿ ಇದು ಹೆಸರಾದ ದಾರಿ. ವೀಮಿಸ್ ಬೇಯಿಂದಲೂ ಗ್ಲಾಸ್ಗೋಗೆ ರೈಲಿದೆ.

ಮನೆಗೆ ಬಂದ ರಾತ್ರಿಯೇ ಟೆಂಟು ಬಿಚ್ಚಿ ಒಣಗಲು ಹಾಕಿ, ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಮುದ್ರದ ಉಪ್ಪು ಚೈನು, ಬೋಲ್ಟುಗಳನ್ನು ತಿನ್ನುತ್ತದೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಹಾಕಿ. ಮುಂದಿನ ಕೆಲವು ವಾರಗಳಲ್ಲಿ ಉಣುಗು ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಹರಡುತ್ತಾ ಹೋದರೆ, ಅಥವಾ ಫ್ಲೂ ತರಹ ಜ್ವರ, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನೂ ಹೇಳಿ.